ಅಂಗಳದ ಆಟ, ಅಂಗೈಯ ಕಾಟ

ಕುಮಟಾ ತಾಲ್ಲೂಕಿನ ಯಾಣದಲ್ಲಿ ಸುಮಾರು 120 ಮೀಟರ್ ಎತ್ತರದ ಭೈರವೇಶ್ವರ ಶಿಖರವಿದೆ. ಅದರ ಬುಡಕ್ಕೆ ಕಾಡುದಾರಿಯಲ್ಲಿ ಸಾಗುವ ವಿದ್ಯಾರ್ಥಿಗಳಲ್ಲಿ ಮುಂದಿರುವವರು ಹಿಂದುಳಿದವರಿಗಾಗಿ ನಿಲ್ಲುತ್ತಾರೆ. ಏದುಸಿರು ಬಿಡುವ ಗೆಳೆಯನ ಮುಖ ಅವರಿಗೆ ಕಾಣುತ್ತದೆ. ಮೊಬೈಲಿನಲ್ಲಿ ಅಣಕದ ಚಿತ್ರ ಕಳುಹಿಸುವವರಿಗೆ ಆ ಮುಖ ಕಾಣದು. ನೊಂದವರ ಕಣ್ಣೀರು ಕಾಣದಿದ್ದಾಗ ಕ್ರೌರ್ಯವು ವಿನೋದದ ವೇಷ ತೊಡುತ್ತದೆ.

ಕಬಡ್ಡಿಯಲ್ಲಿ ಔಟಾದವನು, ತನ್ನ ತಂಡ ಎದುರಾಳಿಯನ್ನು ಔಟು ಮಾಡಿದರೆ, ಮತ್ತೆ ಅಂಕಣಕ್ಕೆ ಮರಳಬಲ್ಲನು. ಅಂತರಜಾಲದಲ್ಲಿ ಹರಡಿದ ಅವಮಾನಕ್ಕಾದರೋ ಆಟ ಮುಗಿಸುವ ಸೀಟಿಯಿಲ್ಲ. ಅದು ಮನೆಯೊಳಕ್ಕೂ ಬೆನ್ನಟ್ಟಿ ಬರುತ್ತದೆ.

5ರಿಂದ 17 ವರ್ಷದವರಿಗೆ ದಿನಕ್ಕೆ ಸರಾಸರಿ 60 ನಿಮಿಷಗಳಾದರೂ ದೈಹಿಕ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ಸಾರಿತು. ಆ ಒಂದು ಗಂಟೆ ದೇಹದೊಡನೆ, ಸೋಲನ್ನು ಸಹಿಸುವ, ಎದುರಾಳಿಯನ್ನು ಗೌರವಿಸುವ ಮನಸ್ಸನ್ನೂ ಬೆಳೆಸಬಲ್ಲದು. ಆದರೆ ಮೈದಾನವೇ ದುರ್ಬಲರನ್ನು ಹಂಗಿಸುವ ತಾಣವಾದರೆ, ಮೊಬೈಲಿನ ಕಾಟಕ್ಕೆ ಅಲ್ಲಿಯೇ ಬೀಜ ಬೀಳುತ್ತದೆ. ಆದ್ದರಿಂದ ಆಡಲು ಬಾರದವರನ್ನೂ ತಂಡಕ್ಕೆ ಸೇರಿಸಿಕೊಳ್ಳುವುದು ಆಟದ ಮೊದಲ ನಿಯಮವಾಗಬೇಕು.

ನೊಂದವರಿಗೆ ‘ಆಡಿ ಮರೆತುಬಿಡು’ ಎಂದರೆ ಸಾಲದು. ಅವರು ಹಿರಿಯರಲ್ಲಿ ಹೇಳಿಕೊಳ್ಳಬೇಕು. ಮಕ್ಕಳ ಸಹಾಯವಾಣಿ 1098 ಅದಕ್ಕಾಗಿಯೇ ಇದೆ. ಕಂಡವರು ಅಂಥ ಸಂದೇಶವನ್ನು ಮುಂದಕ್ಕೆ ಕಳುಹಿಸಬಾರದು. ಹಿಂದುಳಿದವರಿಗಾಗಿ ನಿಲ್ಲುವ ಗುಣ ಕಾಡುದಾರಿಯಲ್ಲಿ ಎಷ್ಟು ಅಗತ್ಯವೋ ಅಂಗೈಯ ಯಂತ್ರದ ಮುಂದೆಯೂ ಅಷ್ಟೇ ಅಗತ್ಯ.