ಕಸ ಹಾಕುವುದಕ್ಕೂ ಸ್ಲಾಟ್: ಸಾಲು ಕರಗಿತು, ಜನ ಎಲ್ಲಿ ಹೋದರು?

ಪಾಸ್‌ಪೋರ್ಟ್‌ಗೆ ಸ್ಲಾಟ್ ಬುಕ್ ಮಾಡುವುದು ನಮಗೆಲ್ಲ ಗೊತ್ತು. ಡ್ರೈವಿಂಗ್ ಲೈಸೆನ್ಸ್ ಪರೀಕ್ಷೆಗೂ ಸ್ಲಾಟ್ ಬೇಕು. ಆದರೆ ಮುರಿದ ಕುರ್ಚಿ, ಕೆಟ್ಟ ಟಿ.ವಿ., ಹಳೇ ಹಾಸಿಗೆಯನ್ನು ಕಸಕ್ಕೆ ಹಾಕಲು ಮೊದಲೇ ದಿನ, ಗಂಟೆ ಗೊತ್ತು ಮಾಡಿಕೊಂಡು ಹೋಗಬೇಕು ಎಂದರೆ? ಇಂಗ್ಲೆಂಡಿನ ಹಲವು ಕಡೆ ಈಗ ಇದೇ ನಿಯಮ. ಸ್ನಾತಕೋತ್ತರ ಓದಿಗೆಂದು ಇಲ್ಲಿಗೆ ಬಂದ ನಾನು ಇದನ್ನು ಹೇಳಿದರೆ ಊರಿನ ಗೆಳೆಯರು ನಗುತ್ತಾರೆ. ಇಲ್ಲಿನವರಿಗೆ ಮಾತ್ರ ಇದು ನಗುವ ವಿಷಯವಲ್ಲ. ಕೌನ್ಸಿಲ್ ಸಭೆಗಳಲ್ಲಿ ಇದರ ಬಗ್ಗೆ ವಾದ ನಡೆಯುತ್ತಲೇ ಇದೆ.

ನಮ್ಮಲ್ಲಿ ಹಳೇ ಪೇಪರ್, ಕಬ್ಬಿಣ, ಪ್ಲಾಸ್ಟಿಕ್ ಇದ್ದರೆ ಗುಜರಿಯವರು ಮನೆ ಬಾಗಿಲಿಗೇ ಬರುತ್ತಾರೆ. ತೂಕ ಹಾಕಿ ನಾಲ್ಕು ಕಾಸು ಕೊಟ್ಟು ಒಯ್ಯುತ್ತಾರೆ. ಇಲ್ಲಿ ದಿನನಿತ್ಯದ ಕಸವನ್ನಷ್ಟೇ ಕೌನ್ಸಿಲ್ ಲಾರಿ ಮನೆ ಮುಂದಿನಿಂದ ಎತ್ತುತ್ತದೆ. ಪೀಠೋಪಕರಣ, ಫ್ರಿಜ್, ಕತ್ತರಿಸಿದ ಗಿಡಗಂಟಿ, ಬಣ್ಣದ ಡಬ್ಬಿಗಳಂಥವನ್ನು ನಾವೇ ಗಾಡಿಯಲ್ಲಿ ಹೇರಿಕೊಂಡು ಮರುಬಳಕೆ ಕೇಂದ್ರಕ್ಕೆ ಒಯ್ಯಬೇಕು. ಜನರ ಆಡುಮಾತಿನಲ್ಲಿ ಅದು ‘ಟಿಪ್’. ಒಳಗೆ ಸಾಲಾಗಿ ದೊಡ್ಡ ದೊಡ್ಡ ಕಂಟೇನರ್‌ಗಳಿರುತ್ತವೆ. ಮರ ಒಂದಕ್ಕೆ, ಲೋಹ ಇನ್ನೊಂದಕ್ಕೆ, ರಟ್ಟು ಮತ್ತೊಂದಕ್ಕೆ ಹಾಕಿ ಬರುವುದು.

ಇಂಥ ಕೇಂದ್ರ ನಡೆಸುವುದು ಕೌನ್ಸಿಲ್ ತೋರಿಸುವ ಔದಾರ್ಯವಲ್ಲ, ಕಾನೂನು ಹೊರಿಸಿದ ಹೊಣೆ. 1967ರಲ್ಲಿ ಬಂದ ಕಾಯ್ದೆಯೊಂದು ಇದಕ್ಕೆ ಬುನಾದಿ ಹಾಕಿತು. 1990ರ ಪರಿಸರ ಸಂರಕ್ಷಣಾ ಕಾಯ್ದೆಯ 51ನೇ ಸೆಕ್ಷನ್ ಅದನ್ನು ಇನ್ನೂ ಸ್ಪಷ್ಟಪಡಿಸಿತು. ಅದರ ಪ್ರಕಾರ ಕೇಂದ್ರ ನಿವಾಸಿಗಳ ಕೈಗೆಟಕುವಂತಿರಬೇಕು, ಮನೆಯ ಕಸವನ್ನು ಉಚಿತವಾಗಿ ಪಡೆಯಬೇಕು, ವಾರಾಂತ್ಯದಲ್ಲಿ ಒಂದು ಹೊತ್ತಾದರೂ ತೆರೆದಿರಬೇಕು. ವಾರಾಂತ್ಯದ ಈ ಮಾತನ್ನು ನೆನಪಿಟ್ಟುಕೊಳ್ಳಿ. ವಾರವಿಡೀ ದುಡಿಯುವವರಿಗೆ ಬಿಡುವು ಸಿಗುವುದು ಶನಿವಾರ, ಭಾನುವಾರ ಮಾತ್ರ ಎಂಬುದು ಕಾನೂನು ಬರೆದವರಿಗೆ ಗೊತ್ತಿತ್ತು.

ಕೊರೊನಾ ತಂದ ಪದ್ಧತಿ

2020ರ ಮಾರ್ಚ್‌ನಲ್ಲಿ ಲಾಕ್‌ಡೌನ್ ಬಂದಾಗ ಈ ಕೇಂದ್ರಗಳೂ ಬಾಗಿಲು ಹಾಕಿದವು. ಮೇ ತಿಂಗಳಲ್ಲಿ ಮತ್ತೆ ತೆರೆಯುವಾಗ ಅಂತರ ಕಾಯ್ದುಕೊಳ್ಳುವ ಸಲುವಾಗಿ ಹಲವು ಕೌನ್ಸಿಲ್‌ಗಳು ಮುಂಗಡ ಬುಕಿಂಗ್ ಶುರು ಮಾಡಿದವು. ಸೋಂಕು ಇಳಿದ ಮೇಲೆ ಕೆಲವರು ಅದನ್ನು ಕೈಬಿಟ್ಟರು. ಕೆಂಟ್, ಹ್ಯಾಂಪ್‌ಶೈರ್ ಕೌಂಟಿಗಳು ಉಳಿಸಿಕೊಂಡವು. ಎಸೆಕ್ಸ್ ಕೌಂಟಿಯಂತೂ ಕೊರೊನಾ ಗಲಾಟೆ ಮುಗಿದ ಮೇಲೆ, 2023ರ ಮಾರ್ಚ್‌ನಲ್ಲಿ, ಪ್ರಾಯೋಗಿಕವಾಗಿ ಇದನ್ನು ಆರಂಭಿಸಿತು. ಆಪತ್ಕಾಲಕ್ಕೆ ಬಂದ ಪದ್ಧತಿ ಹೀಗೆ ಆಡಳಿತದ ಸಾಧನವಾಗಿ ನೆಲೆಯೂರಿತು.

ಕೌನ್ಸಿಲ್‌ಗಳ ವಾದವನ್ನು ತಳ್ಳಿಹಾಕುವಂತಿಲ್ಲ. ಬಿಸಿಲು ಬಿದ್ದ ಶನಿವಾರ ಎಲ್ಲರೂ ಒಟ್ಟಿಗೇ ತೋಟ ಸ್ವಚ್ಛ ಮಾಡಿ ಒಟ್ಟಿಗೇ ಬಂದರೆ ಕಾರುಗಳ ಸಾಲು ಮುಖ್ಯರಸ್ತೆಯವರೆಗೂ ಬೆಳೆಯುತ್ತದೆ. ಮಂಗಳವಾರ ಅದೇ ಕೇಂದ್ರ ಬಣಗುಡುತ್ತದೆ. ಬುಕಿಂಗ್ ಇದ್ದರೆ ದಟ್ಟಣೆ ಹಂಚಿಹೋಗುತ್ತದೆ. ಯಾವ ದಿನ ಎಷ್ಟು ಸಿಬ್ಬಂದಿ ಬೇಕೆಂದು ಮೊದಲೇ ತಿಳಿಯುತ್ತದೆ. ಗಾಡಿ ನಂಬರ್ ದಾಖಲಾಗುವುದರಿಂದ, ವ್ಯಾಪಾರದ ಕಸವನ್ನು ಮನೆಯ ಕಸವೆಂದು ಹೇಳಿ ಪುಕ್ಕಟೆ ಸುರಿಯುವವರನ್ನು ಹಿಡಿಯುವುದು ಸುಲಭ. ಹಣದ ಮುಗ್ಗಟ್ಟಿನಲ್ಲಿರುವ ಕೌನ್ಸಿಲ್‌ಗಳಿಗೆ ಇವೆಲ್ಲ ಸಣ್ಣ ಲಾಭಗಳಲ್ಲ. ಸ್ಲಾಟ್ ಸಿಕ್ಕವರಿಗಂತೂ ಹದಿನೈದು ನಿಮಿಷದಲ್ಲಿ ಕೆಲಸ ಮುಗಿಯುತ್ತದೆ.

ಸ್ಲಾಟ್ ಸಿಗದವರ ಪಾಡು ಬೇರೆ.

ಒಂದು ಹಾಸಿಗೆಯ ಲೆಕ್ಕ

ಕಳೆದ ಜೂನ್ ಕೊನೆಯಲ್ಲಿ ನಾವು ನಾಲ್ವರು ಬಾಡಿಗೆ ಮನೆ ಖಾಲಿ ಮಾಡಬೇಕಿತ್ತು. ಸೆಕೆಂಡ್‌ಹ್ಯಾಂಡ್‌ನಲ್ಲಿ ಕೊಂಡಿದ್ದ ಹಾಸಿಗೆಯೊಂದು ಉಳಿದಿತ್ತು. ಅದನ್ನು ಮನೆಯಲ್ಲೇ ಬಿಟ್ಟರೆ ಠೇವಣಿಯಲ್ಲಿ ಕಡಿತ ಖಚಿತ. ಕೀಲಿ ಒಪ್ಪಿಸಲು ಐದು ದಿನ ಇರುವಾಗ ಕೌನ್ಸಿಲ್‌ನ ಪುಟ ತೆರೆದರೆ ಶನಿವಾರ, ಭಾನುವಾರ ಎರಡೂ ಭರ್ತಿ. ಸ್ಲಾಟ್ ಇದ್ದದ್ದು ವಾರದ ದಿನಗಳ ಹಗಲು ಹೊತ್ತಿನಲ್ಲಿ. ಆ ಹೊತ್ತಿಗೆ ಇಬ್ಬರಿಗೆ ಗೋದಾಮಿನಲ್ಲಿ ಪಾಳಿ, ಕಾರಿರುವ ಗೆಳೆಯನಿಗೆ ಕಚೇರಿ. ವ್ಯಾನ್ ಬಾಡಿಗೆಗೆ ತಂದರೆ ಅದಕ್ಕೆ ಪ್ರತ್ಯೇಕ ಪರ್ಮಿಟ್. ಹೊತ್ತುಕೊಂಡೇ ಹೋಗೋಣವೆಂದರೆ ನಡೆದು ಬರುವವರಿಗೆ ಆ ಕೇಂದ್ರದಲ್ಲಿ ಪ್ರವೇಶವಿಲ್ಲ. ಕೌನ್ಸಿಲ್ ಮನೆಗೆ ಬಂದು ಎತ್ತಿಕೊಂಡು ಹೋಗುವ ವ್ಯವಸ್ಥೆಗೆ ಶುಲ್ಕವಿದೆ, ಅದರ ದಿನಾಂಕ ನಾವು ಮನೆ ಬಿಟ್ಟ ಮೇಲಿನದು.

ಕೊನೆಗೆ ನಲವತ್ತು ಪೌಂಡ್ ಕೊಟ್ಟು ಖಾಸಗಿ ವ್ಯಾನಿನವರನ್ನು ಕರೆಸಿದೆವು. ಇಲ್ಲಿಗೆ ಓದಲು ಬರಲಿರುವವರು ಒಂದು ಸಂಗತಿ ತಿಳಿದಿರಬೇಕು. ಕಸ ಒಯ್ಯುವವರು ಎನ್ವಿರಾನ್‌ಮೆಂಟ್ ಏಜೆನ್ಸಿಯಲ್ಲಿ ನೋಂದಣಿ ಮಾಡಿಸಿರಬೇಕು. ಅದನ್ನು ಸಾರ್ವಜನಿಕ ಪಟ್ಟಿಯಲ್ಲಿ ಯಾರು ಬೇಕಾದರೂ ಪರಿಶೀಲಿಸಬಹುದು. ನೋಂದಣಿ ಇಲ್ಲದವರ ಕೈಗೆ ಕೊಟ್ಟು, ಅವರು ಅದನ್ನು ಎಲ್ಲೋ ಬಯಲಲ್ಲಿ ಎಸೆದರೆ, ಕೊಟ್ಟ ಮನೆಯವರಿಗೂ ದಂಡ ಬೀಳಬಹುದು. ನಾವು ಪರಿಶೀಲಿಸಿಯೇ ಕೊಟ್ಟೆವು. ಕಾನೂನು ಉಚಿತ ಎಂದದ್ದಕ್ಕೆ ನಾವು ತೆತ್ತದ್ದು ನಲವತ್ತು ಪೌಂಡ್, ಅಂದರೆ ಹೆಚ್ಚುಕಡಿಮೆ ನಾಲ್ವರ ವಾರದ ತರಕಾರಿ ಖರ್ಚು.

ಅಂಕಿ ಹೇಳುವುದೆಷ್ಟು?

ಬುಕಿಂಗ್ ವಿರೋಧಿಸುವವರ ದೊಡ್ಡ ಅಸ್ತ್ರ ‘ಫ್ಲೈ ಟಿಪ್ಪಿಂಗ್’, ಅಂದರೆ ಕದ್ದುಮುಚ್ಚಿ ರಸ್ತೆ ಬದಿಗೆ ಕಸ ಸುರಿಯುವುದು. ಇಂಗ್ಲೆಂಡಿನಲ್ಲಿ 2019–20ರಲ್ಲಿ ಇಂಥ ಸುಮಾರು 9.8 ಲಕ್ಷ ಪ್ರಕರಣ ದಾಖಲಾದವು. 2020–21ರಲ್ಲಿ ಅದು 11.3 ಲಕ್ಷಕ್ಕೆ ಏರಿತು. 2023–24ರಲ್ಲಿ 11.5 ಲಕ್ಷ. ಅದರಲ್ಲಿ ಶೇ 60ರಷ್ಟು ಮನೆಗಳ ಕಸ. ನೋಡಿ, ಬುಕಿಂಗ್ ಬಂತು, ಕಸ ಬೀದಿಗೆ ಬಿತ್ತು ಎಂದು ಅವರು ಬೆರಳು ತೋರಿಸುತ್ತಾರೆ.

ನಾನು ಓದುತ್ತಿರುವುದು ದತ್ತಾಂಶ ವಿಶ್ಲೇಷಣೆ. ಈ ಅಂಕಿಗಳಿಂದ ಆ ತೀರ್ಮಾನಕ್ಕೆ ಬರಲಾಗದು ಎಂದೇ ಹೇಳಬೇಕು. 2020–21 ಕೇಂದ್ರಗಳೇ ವಾರಗಟ್ಟಲೆ ಮುಚ್ಚಿದ್ದ ವರ್ಷ. ಜನ ಮನೆಯಲ್ಲೇ ಇದ್ದು ಅಟ್ಟ, ಗ್ಯಾರೇಜ್ ಖಾಲಿ ಮಾಡಿದ ವರ್ಷವೂ ಹೌದು. ಇದು ಇಡೀ ದೇಶದ ಮೊತ್ತ. ಅದರಲ್ಲಿ ಬುಕಿಂಗ್ ಇರುವ ಊರುಗಳೂ ಇಲ್ಲದ ಊರುಗಳೂ ಸೇರಿವೆ. ಹಾಗಾಗಿ ಏರಿಕೆಗೆ ಬುಕಿಂಗ್ ಕಾರಣವೆಂದು ಇದು ಹೇಳುವುದಿಲ್ಲ, ಅಲ್ಲವೆಂದೂ ಹೇಳುವುದಿಲ್ಲ.

ಕೌನ್ಸಿಲ್‌ಗಳು ಮುಂದಿಡುವ ಲೆಕ್ಕದಲ್ಲೂ ಇಂಥದೇ ತೊಡಕಿದೆ. ಕೇಂದ್ರಕ್ಕೆ ಬರುವ ಗಾಡಿಗಳು ಕಡಿಮೆಯಾದರೆ ‘ಜನ ಈಗ ಯೋಜಿಸಿ ಬರುತ್ತಾರೆ, ಎರಡು ಸಲದ ಕಸವನ್ನು ಒಂದೇ ಸಲ ತರುತ್ತಾರೆ’ ಎಂದು ಅರ್ಥ ಮಾಡಬಹುದು. ‘ಬೇಸತ್ತು ಬರುವುದನ್ನೇ ಬಿಟ್ಟರು’ ಎಂದೂ ಅರ್ಥ ಮಾಡಬಹುದು. ಗಾಡಿ ಎಣಿಕೆಯೊಂದರಿಂದಲೇ ಇದು ತೀರ್ಮಾನವಾಗದು. ತಂದ ಕಸದ ತೂಕ, ಮನೆ ಮುಂದಿನ ಡಬ್ಬಿಗೆ ಬೀಳುವ ಕಸದ ತೂಕ, ಬೀದಿಯಲ್ಲಿ ಸಿಕ್ಕ ಕಸ, ಈ ಮೂರನ್ನೂ ಜೊತೆಗಿಟ್ಟು ನೋಡಬೇಕು.

ನನ್ನ ಮುಖ್ಯ ತಕರಾರು ಇಲ್ಲಿದೆ. ರಸ್ತೆಯಲ್ಲಿದ್ದ ಸಾಲು ಎಲ್ಲರ ಕಣ್ಣಿಗೂ ಬೀಳುತ್ತಿತ್ತು. ಅದರ ಫೋಟೊ ಪತ್ರಿಕೆಯಲ್ಲಿ ಬರುತ್ತಿತ್ತು, ಕೌನ್ಸಿಲರ್ ಉತ್ತರ ಕೊಡಬೇಕಾಗುತ್ತಿತ್ತು. ಈಗ ಆ ಸಾಲು ನಮ್ಮ ನಮ್ಮ ಮೊಬೈಲಿನೊಳಗೆ ಸೇರಿದೆ. ಪುಟ ತೆರೆದು, ಸ್ಲಾಟ್ ಕಾಣದೆ, ಮುಚ್ಚಿದವರು ಯಾರ ಲೆಕ್ಕಕ್ಕೂ ಸಿಗುವುದಿಲ್ಲ. ನಮ್ಮ ಕೌನ್ಸಿಲ್ ಬುಕಿಂಗ್ ಬಗ್ಗೆ ಜನರ ಅಭಿಪ್ರಾಯ ಕೇಳುತ್ತದೆ. ಆದರೆ ಆ ಪ್ರಶ್ನಾವಳಿ ಇಮೇಲ್‌ನಲ್ಲಿ ಬರುವುದು ಕೇಂದ್ರಕ್ಕೆ ಹೋಗಿಬಂದವರಿಗೆ ಮಾತ್ರ. ಊಟ ಸಿಕ್ಕವರನ್ನಷ್ಟೇ ನಿಲ್ಲಿಸಿ ಊಟ ಹೇಗಿತ್ತು ಎಂದು ಕೇಳಿದರೆ, ಎಲೆ ಸಿಗದೆ ಹಿಂದಿರುಗಿದವರ ಹಸಿವು ತಿಳಿಯುವುದು ಹೇಗೆ?

ಹಾಗೆ ಹಿಂದಿರುಗುವವರು ಯಾರು ಎಂದು ಊಹಿಸುವುದು ಕಷ್ಟವಲ್ಲ. ಮುಂದಿನ ವಾರದ ಪಾಳಿ ಈ ವಾರದ ಕೊನೆಗೆ ತಿಳಿಯುವ ಕೆಲಸಗಾರರು. ಸ್ವಂತ ಕಾರಿಲ್ಲದವರು. ಇಂಟರ್ನೆಟ್ ಬಳಸಲು ಬಾರದ ಹಿರಿಯರು. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಬಿಡುವಿರುವವರಿಗೆ ಬುಕಿಂಗ್ ವರದಾನ. ಶನಿವಾರವೊಂದನ್ನೇ ನಂಬಿದವರಿಗೆ ಕಾನೂನು ಕೊಟ್ಟಿದ್ದ ಅವಕಾಶ ಕಿರಿದಾಗಿದೆ.

ರದ್ದು ಬೇಡ, ತಿದ್ದುಪಡಿ ಬೇಕು

ಬುಕಿಂಗ್ ತೆಗೆದುಹಾಕಿ ಎಂದು ನಾನು ಕೇಳುವುದಿಲ್ಲ. ಅದನ್ನು ಸರಿಪಡಿಸುವ ದಾರಿಗಳು ಕಣ್ಣೆದುರೇ ಇವೆ. ಕೆಲವು ಕಡೆ ಅದೇ ದಿನದ ಬುಕಿಂಗ್‌ಗೂ ಅವಕಾಶವಿದೆ, ಅದು ಎಲ್ಲ ಕಡೆ ಬರಲಿ. ವಾರಾಂತ್ಯದ ಸ್ಲಾಟ್‌ಗಳಲ್ಲಿ ಒಂದು ಪಾಲನ್ನು ಬುಕಿಂಗ್ ಇಲ್ಲದೆ ಬರುವವರಿಗೆ ಕಾಯ್ದಿರಿಸಲಿ. ಫೋನ್ ಮೂಲಕ ಬುಕ್ ಮಾಡುವ ದಾರಿ ಎಲ್ಲ ಕಡೆ ತೆರೆದಿರಲಿ. ವಿಶ್ವವಿದ್ಯಾಲಯ ಇರುವ ಊರುಗಳಲ್ಲಿ ಬಾಡಿಗೆ ಒಪ್ಪಂದ ಮುಗಿಯುವ ವಾರಗಳಿಗೆ ಹೆಚ್ಚುವರಿ ಸ್ಲಾಟ್ ಕೊಡಲಿ. ಎಲ್ಲಕ್ಕಿಂತ ಮೊದಲು, ಎಷ್ಟು ಜನ ಸ್ಲಾಟ್ ಹುಡುಕಿ ಬುಕ್ ಮಾಡದೆ ಹೊರಟರು ಎಂಬ ಸಂಖ್ಯೆಯನ್ನು ತಿಂಗಳು ತಿಂಗಳು ಪ್ರಕಟಿಸಲಿ. ಇಂಥ ಎಣಿಕೆ ಯಾವ ಬುಕಿಂಗ್ ತಂತ್ರಾಂಶಕ್ಕೂ ಭಾರವಲ್ಲ. ಪ್ರಶ್ನಾವಳಿಯನ್ನು ಬಸ್ ನಿಲ್ದಾಣದಲ್ಲಿ, ಗ್ರಂಥಾಲಯದಲ್ಲಿ ಸಿಕ್ಕ ಜನರಿಗೂ ಕೊಡಲಿ.

ಇದು ಇಂಗ್ಲೆಂಡಿನ ಕಸದ ಸಮಾಚಾರ, ನಮಗೇಕೆ ಎನ್ನಬೇಡಿ. ಅರ್ಜಿ, ಪ್ರಮಾಣಪತ್ರ, ಪರೀಕ್ಷೆ, ಆಸ್ಪತ್ರೆ ಹೀಗೆ ನಮ್ಮಲ್ಲೂ ಒಂದೊಂದೇ ಸೇವೆ ಆನ್‌ಲೈನ್ ಆಗುತ್ತಿದೆ. ಉದ್ಯೋಗ ಹುಡುಕುತ್ತಿರುವ ನೀವು ಸರ್ವರ್ ಕೈಕೊಟ್ಟ ರಾತ್ರಿಗಳನ್ನು ಕಂಡವರೇ. ‘ಕ್ಯೂ ಇಲ್ಲದ ಕಚೇರಿ’ ಎಂಬ ಹೊಗಳಿಕೆ ಕೇಳಿದಾಗ, ಅರ್ಧಕ್ಕೇ ಕೈಬಿಟ್ಟವರು ಎಷ್ಟು ಮಂದಿ ಎಂದು ಕೇಳಿ. ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿಯೂ ಕೇಳಬಹುದು. ನಾಳೆ ನಿಮ್ಮಲ್ಲೇ ಕೆಲವರು ಇಂಥ ಕಚೇರಿಗಳಲ್ಲಿ ಕೂತು ಇಂಥ ತಂತ್ರಾಂಶಗಳನ್ನು ರೂಪಿಸುತ್ತೀರಿ. ಆಗ ಆ ಒಂದು ಸಂಖ್ಯೆಗೂ ಪರದೆಯ ಮೇಲೆ ಜಾಗ ಕೊಡಿ.