ಕಹಳೆ ಊದುವ ಕೊಳವೆಗಳು

ಕೇಶಿರಾಜನ ಶಬ್ದಮಣಿದರ್ಪಣವನ್ನು ಪಾಠ ಹೇಳುವವನಿಗೆ ವರ್ಷಕ್ಕೊಮ್ಮೆ ಒಂದು ಪರೀಕ್ಷೆ ತಪ್ಪದು. ಶಬ್ದ ಹುಟ್ಟುವ ಬಗೆಯನ್ನು ಹೇಳುವ ಸೂತ್ರ ಬಂದಾಗ ಹುಡುಗರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಜೀವನ ಇಚ್ಛೆಯಿಂದ, ಅನುಕೂಲವಾದ ಗಾಳಿಯ ನೆರವಿನಿಂದ, ಹೊಕ್ಕುಳ ಬುಡದಲ್ಲಿ ಕಹಳೆಯ ರೀತಿಯಾಗಿ ಶಬ್ದದ್ರವ್ಯ ಹುಟ್ಟುತ್ತದೆಂಬುದು ಆ ಹದಿಮೂರನೆಯ ಶತಮಾನದ ವೈಯಾಕರಣನ ಮತ. ಈ ವರ್ಷ ನಾನು ‘ಕಹಳೆ’ ಎಂಬಲ್ಲಿಗೆ ಬಂದಿದ್ದೆ. ಅಷ್ಟರಲ್ಲಿ ಕಾಲೇಜಿನ ಗೇಟಿನ ಹೊರಗೆ ಒಂದು ಮೋಟಾರು ಬಂದು ನಿಂತಿತು. ನಿಂತದ್ದು ಚಕ್ರಗಳು ಮಾತ್ರ, ಯಂತ್ರ ನಿಲ್ಲಲಿಲ್ಲ. ಕಿಟಕಿಯ ಗಾಜು ನಡುಗಿತು, ತರಗತಿ ನಕ್ಕಿತು, ಕೇಶಿರಾಜ ಸೋತ.

ಹೊರಗೆ ಹೋಗಿ ನೋಡಿದರೆ ಮೋಟಾರಿನ ಒಡೆಯ ನನ್ನ ಹಳೆಯ ವಿದ್ಯಾರ್ಥಿಯೇ. ಒಳ್ಳೆಯ ಹುಡುಗ, ಛಂದಸ್ಸಿನಲ್ಲಿ ಲಘು ಗುರು ತಪ್ಪದೆ ಹಾಕುತ್ತಿದ್ದವನು. ಕಂಪನಿಯವರು ಕೂಡಿಸಿದ್ದ ಸೈಲೆನ್ಸರನ್ನು ಕಿತ್ತು, ಹೆಬ್ಬಾವಿನ ಬಾಯಿಯಷ್ಟು ಅಗಲವಾದ, ಒಳಗೆ ಯಾವ ತಡೆಯೂ ಇಲ್ಲದ ಹೊಳೆಯುವ ಕೊಳವೆಯೊಂದನ್ನು ಹಾಕಿಸಿದ್ದ. “ಏನಪ್ಪಾ ಇದು?” ಎಂದರೆ, “ಪರ್ಫಾರ್ಮೆನ್ಸ್ ಸರ” ಎಂದ.

ಈ ಲೇಖನ ಆ ಒಂದು ಮಾತಿನ ಮೇಲೆ. ಸದ್ದಿನ ಹುಚ್ಚಿದೆ ಎಂದು ಅವನು ಒಪ್ಪಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಹುಚ್ಚು ಯಾವ ವಯಸ್ಸಿಗಿಲ್ಲ? ಆದರೆ ಹುಚ್ಚಿಗೆ ವಿಜ್ಞಾನದ ಅಂಗಿ ತೊಡಿಸಿದಾಗ ಗುಂಡಿ ಬಿಚ್ಚಿ ನೋಡಬೇಕಾಗುತ್ತದೆ.

ನಾಲ್ಕು ಸಿಲಿಂಡರಿನ ಯಂತ್ರ ನಿಮಿಷಕ್ಕೆ 3000 ಸುತ್ತು ತಿರುಗುವಾಗ ಸೆಕೆಂಡಿಗೆ ನೂರು ಸಿಡಿತಗಳಾಗುತ್ತವೆ. ಪ್ರತಿ ಸಿಡಿತದ ಬಿಸಿ ಹೊಗೆ ಒತ್ತಡದ ಒಂದು ಅಲೆಯಾಗಿ ಕೊಳವೆಗೆ ನುಗ್ಗುತ್ತದೆ. ಸೈಲೆನ್ಸರೆಂಬುದು ಆ ಅಲೆಯನ್ನು ಕೋಣೆಯಿಂದ ಕೋಣೆಗೆ ಹಾಯಿಸಿ, ಹಿಗ್ಗಿಸಿ, ಅಲೆಯ ಎದುರಿಗೆ ಅಲೆಯನ್ನೇ ನಿಲ್ಲಿಸಿ ತಣಿಸುವ ಪೆಟ್ಟಿಗೆ. 1897ರಲ್ಲಿಯೇ, ಮೋಟಾರು ಗಾಡಿ ಇನ್ನೂ ತೊಟ್ಟಿಲಲ್ಲಿದ್ದಾಗ, ಅಮೆರಿಕದ ರೀವ್ಸ್ ಸೋದರರು ಇದಕ್ಕೆ ಪೇಟೆಂಟು ಪಡೆದಿದ್ದರು. ಗಾಡಿ ಕಂಡು ಬೆದರುವ ಕುದುರೆಗಳಿದ್ದ ಕಾಲ ಅದು. ಈಗ ಕುದುರೆಗಳಿಲ್ಲ, ಬೆದರುವ ಪಾಳಿ ನಮ್ಮದಾಗಿದೆ.

ಈ ತಡೆಯನ್ನು ತೆಗೆದರೆ ಯಂತ್ರಕ್ಕೆ ಉಸಿರಾಟ ಸಲೀಸಾಗಿ ಶಕ್ತಿ ಹೆಚ್ಚುತ್ತದೆಂಬುದು ತರುಣರ ವಾದ. ಅದರಲ್ಲಿ ಒಂದು ಹರಳಿನಷ್ಟು ಸತ್ಯವಿದೆ. ಪಂದ್ಯದ ಗಾಡಿಗಳಲ್ಲಿ ಹಾಗೆ ಮಾಡುತ್ತಾರೆ. ಆದರೆ ಅಲ್ಲಿ ಸಿಲಿಂಡರಿನ ಬಾಯಿಯಿಂದ ಹಿಡಿದು ಇಡೀ ಕೊಳವೆಯನ್ನು ಲೆಕ್ಕ ಹಾಕಿ ಕಟ್ಟುತ್ತಾರೆ, ಒಳಗೆ ಬರುವ ಗಾಳಿ, ಇಂಧನದ ಅಳತೆ, ಕಿಡಿಯ ಹೊತ್ತು ಎಲ್ಲವನ್ನೂ ಅದಕ್ಕೆ ತಕ್ಕಂತೆ ತಿದ್ದುತ್ತಾರೆ. ಇವನ್ನೆಲ್ಲ ಬಿಟ್ಟು ಬಾಲ ಮಾತ್ರ ಬದಲಿಸಿದರೆ ದಕ್ಕುವ ಶಕ್ತಿ ಅತ್ಯಲ್ಪ. ಅನೇಕ ವೇಳೆ ನಷ್ಟವೇ. ಒಂದು ಅಲೆ ಹೊರಗೆ ಓಡುವಾಗ ತನ್ನ ಬೆನ್ನ ಹಿಂದೆ ಮುಂದಿನ ಹೊಗೆಯನ್ನು ಸೆಳೆದೊಯ್ಯುತ್ತದೆ. ಕೊಳವೆ ಅತಿ ಅಗಲವಾದರೆ ಹೊಗೆಯ ಓಟ ಮಂದವಾಗಿ ಈ ಸೆಳೆತ ಸಡಿಲುತ್ತದೆ. ಕಡಿಮೆ ವೇಗದಲ್ಲಿ ಗಾಡಿಯ ಎಳೆತ ತಗ್ಗುತ್ತದೆ. ನಮ್ಮ ಹುಡುಗರು ಓಡಿಸುವುದು ಹುನಗುಂದದ ಬಜಾರದಲ್ಲಿ, ಎತ್ತಿನ ಬಂಡಿಯ ಹಿಂದೆ. ಅಲ್ಲಿ ಬೇಕಾದದ್ದು ಆ ಎಳೆತವೇ.

ನಮ್ಮ ರಾಮಥಾಳದ ರೈತನಿಗೆ ಇದನ್ನು ಇಷ್ಟು ವಿವರಿಸಬೇಕಾಗಿಲ್ಲ. ಸುತ್ತಿನ ಹೊಲಗಳಲ್ಲಿ ಹನಿ ನೀರಾವರಿಯ ಕೊಳವೆ ಹುಗಿದ ಊರು ನಮ್ಮದು. ರಾಮಥಾಳ–ಮರೋಳ ಯೋಜನೆಯನ್ನು 24,000 ಹೆಕ್ಟೇರಿಗೆಂದು ರೂಪಿಸಿದ್ದು. ಕೊಳವೆಯ ಅಗಲ, ಒತ್ತಡ, ದೂರ ಮೂರೂ ಒಂದಕ್ಕೊಂದು ಒಪ್ಪಂದ ಮಾಡಿಕೊಂಡಿರಬೇಕೆಂದು ಅಲ್ಲಿನ ಹಳೆಯ ಗೌಡನಿಗೂ ಗೊತ್ತು. ದಪ್ಪ ಪೈಪು ಹಾಕಿದರೆ ನೀರು ಹೆಚ್ಚು ಬರುತ್ತದೆಂದು ಅವನು ನಂಬುವುದಿಲ್ಲ.

ಇನ್ನೂ ಕೆಟ್ಟ ಸಂಗತಿ ಬೇರೆ ಇದೆ. ಸೈಲೆನ್ಸರಿಗಿಂತ ಮುಂಚೆ, ಯಂತ್ರದ ಹತ್ತಿರ, ಕೆಟಲಿಟಿಕ್ ಕನ್ವರ್ಟರೆಂಬ ಪೆಟ್ಟಿಗೆಯಿರುತ್ತದೆ. ಪ್ಲಾಟಿನಂ, ಪಲ್ಲಾಡಿಯಂ, ರೋಡಿಯಂ ಎಂಬ ಬೆಲೆಯುಳ್ಳ ಲೋಹಗಳನ್ನು ಲೇಪಿಸಿ, ಕಾರ್ಬನ್ ಮಾನಾಕ್ಸೈಡಿನಂಥ ವಿಷವನ್ನು ಸುಡುವ ಏರ್ಪಾಡು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲು ಕಾರುಗಳಿಗೆ ಕಡ್ಡಾಯವಾದದ್ದು. ‘ಸ್ಟ್ರೇಟ್ ಪೈಪ್’ ಭಕ್ತರು ಇದನ್ನೂ ಕಿತ್ತೊಗೆಯುತ್ತಾರೆ. ಕಿವಿಗೆ ಮಾಡುವ ಅನ್ಯಾಯ ಕೇಳಿಸುತ್ತದೆ. ಶ್ವಾಸಕೋಶಕ್ಕೆ ಮಾಡುವುದು ಕೇಳಿಸುವುದಿಲ್ಲ.

ಶಕ್ತಿಗೂ ಸದ್ದಿಗೂ ಗಂಟು ಹಾಕುವವರು ಒಂದು ಚರಿತ್ರೆಯನ್ನು ನೆನೆಯಬೇಕು. ಜಗತ್ತಿನಲ್ಲಿ ಮೋಟಾರು ಓಟದ ತುತ್ತತುದಿ ಎನಿಸಿದ ಫಾರ್ಮುಲಾ ಒಂದರಲ್ಲಿ 2014ರಲ್ಲಿ ಎಂಟು ಸಿಲಿಂಡರಿನ 2.4 ಲೀಟರ್ ಯಂತ್ರವನ್ನು ಬಿಟ್ಟು ಆರು ಸಿಲಿಂಡರಿನ 1.6 ಲೀಟರ್ ಟರ್ಬೊ ಯಂತ್ರವನ್ನು ತಂದರು. ಹೊಗೆಯೊಡನೆ ಹಾಳಾಗುತ್ತಿದ್ದ ಶಕ್ತಿಯನ್ನೂ ಹಿಡಿದು ದುಡಿಸಿಕೊಳ್ಳುವ ಜಾಣ ಯಂತ್ರ. ಇಂಧನ ಉಳಿಯಿತು, ಸದ್ದು ತಗ್ಗಿತು. ಪ್ರೇಕ್ಷಕರು ಏನು ಮಾಡಿದರು? ಅತ್ತರು! ಅವರ ಸಮಾಧಾನಕ್ಕಾಗಿ ಆ ವರ್ಷದ ಮೇ ತಿಂಗಳಲ್ಲಿ ಬಾರ್ಸಿಲೋನಾದಲ್ಲಿ ಒಂದು ಗಾಡಿಯ ಹಿಂಭಾಗಕ್ಕೆ ಕಹಳೆಯ ಆಕಾರದ ಕೊಳವೆ ಸಿಕ್ಕಿಸಿ ನೋಡಿದರು. ಅದೂ ಫಲಿಸಲಿಲ್ಲ. ಸದ್ದೆಂದರೆ ದುಡಿಯದೆ ಸೋರಿಹೋದ ಶಕ್ತಿ. ಜಾಣ ಯಂತ್ರ ಅದನ್ನು ಸೋರಗೊಡುವುದಿಲ್ಲ. ಇಂದು ನಿಂತ ಜಾಗದಿಂದ ಚಿಮ್ಮುವುದರಲ್ಲಿ ಪೆಟ್ರೋಲು ಗಾಡಿಗಳನ್ನು ನಾಚಿಸುವ ವಿದ್ಯುತ್ ಕಾರುಗಳಿಗೆ ಹೊಗೆಕೊಳವೆಯೇ ಇಲ್ಲ.

ನನ್ನ ಶಿಷ್ಯ ಇದಕ್ಕೆಲ್ಲ ಜಗ್ಗಲಿಲ್ಲ. “ಸರ, ಗಣಪತಿ ಮುಂದ ಡಿಜೆ ಹಚ್ಚತಾರ, ನೀವು ಲೇಖನ ಬರೀಲಿಲ್ಲ. ಮಂತ್ರಿ ಬಂದಾಗ ಹಿಂದ ಮುಂದ ಸೈರನ್ ಒದರತಾವು, ಆಗೂ ಬರೀಲಿಲ್ಲ. ನಮ್ಮ ಪೈಪ್ ಅಷ್ಟ ನಿಮ್ಮ ಕಿವಿಗೆ ಚುಚ್ಚತೈತೇನು?” ಎಂದ. ಪೆಟ್ಟು ಸರಿಯಾದ ಜಾಗಕ್ಕೆ ಬಿತ್ತು. ನಾನು ಬರೆದಿಲ್ಲ, ನಿಜ. ದೇವರ ಹೆಸರಿನ ಸದ್ದಿಗೂ ಅಧಿಕಾರದ ಹೆಸರಿನ ಸದ್ದಿಗೂ ನಮ್ಮಂಥವರು ಹೆದರುತ್ತೇವೆ. ಪಡ್ಡೆ ಹುಡುಗನ ಸದ್ದಿನ ಮೇಲೆ ಮಾತ್ರ ನಮ್ಮ ನಾಗರಿಕತೆ ಎಚ್ಚರಗೊಳ್ಳುತ್ತದೆ. ಆದರೆ ಮೂರು ಕಳ್ಳರಲ್ಲಿ ಇಬ್ಬರು ತಪ್ಪಿಸಿಕೊಂಡರೆಂದು ಮೂರನೆಯವನಿಗೆ ಬಹುಮಾನ ಕೊಡಲಾದೀತೆ? ಅಲ್ಲದೆ ಡಿಜೆ ವರ್ಷಕ್ಕೆ ಕೆಲವು ದಿನ. ಇವನ ಕೊಳವೆ ದಿನಾ ರಾತ್ರಿ ಹನ್ನೊಂದಕ್ಕೆ ಇಳಕಲ್ಲಿನ ಕಡೆಯಿಂದ ಹೆದ್ದಾರಿ ಹಿಡಿದು ಬರುತ್ತದೆ.

ಆ ಸದ್ದನ್ನು ಗುರುತು ಹಿಡಿಯುವವರು ನಮ್ಮ ಮನೆಯಲ್ಲಿ ಒಬ್ಬರಿದ್ದಾರೆ, ನನ್ನ ತಂದೆ. ವಿಚಿತ್ರವೆಂದರೆ ಅವರಿಗೆ ಬೇರೇನೂ ಕೇಳಿಸುವುದಿಲ್ಲ. ಮೊಮ್ಮಗಳು ಕರೆದರೆ ಕೇಳಿಸುವುದಿಲ್ಲ. ನಾನು ಈ ಲೇಖನವನ್ನು ಓದಿ ಹೇಳಿದರೂ ಕೇಳಿಸದು. ಒಂದು ಕಾಲಕ್ಕೆ ಊರಿನಲ್ಲಿ ಅವರಷ್ಟು ಚುರುಕಾದ ಕಿವಿ ಇರಲಿಲ್ಲ. ನಮ್ಮ ಬಾವಿಯ ಮೇಲೆ ಡೀಸೆಲ್ ಎಂಜಿನ್ನಿತ್ತು. ಅಂಗಳದಲ್ಲಿ ಕೂತೇ, ‘ಟುಕು ಟುಕು’ ಲಯದಲ್ಲಿ ಒಂದು ಮಾತ್ರೆ ವ್ಯತ್ಯಾಸವಾದರೂ, “ನೀರ ಬಿಟ್ಟಿತು, ಹೋಗು” ಎನ್ನುತ್ತಿದ್ದರು. ಯಾವ ಎಂಜಿನ್ನು ಯಾರ ಹೊಲದ್ದೆಂದು ಕತ್ತಲಲ್ಲಿ ಹೇಳುತ್ತಿದ್ದರು. ಆ ಸದ್ದಿನಲ್ಲಿ ಅರ್ಥವಿತ್ತು. ಆದರೆ ಸೈಲೆನ್ಸರು ತುಕ್ಕು ತಿಂದು ಉದುರಿದ ಮೇಲೆ ಹೊಸದು ತರಲಿಲ್ಲ. ಇಪ್ಪತ್ತು ವರ್ಷ ಅದರ ಮಗ್ಗುಲಲ್ಲೇ ನಿಂತು ನೀರು ಹಾಯಿಸಿದರು. ಒಳಗಿವಿಯ ಸೂಕ್ಷ್ಮ ರೋಮಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲವೆಂದು ವೈದ್ಯರು ಹೇಳಿದಾಗ ಹೊತ್ತು ಮೀರಿತ್ತು. 85 ಡೆಸಿಬೆಲ್ ಸದ್ದಿನಲ್ಲಿ ದಿನಕ್ಕೆ ಎಂಟು ತಾಸು ಇರಬಹುದು, ಮೂರು ಮೂರು ಡೆಸಿಬೆಲ್ ಏರಿದಂತೆ ಆ ಅವಧಿ ಅರ್ಧರ್ಧವಾಗುತ್ತ ಹೋಗಬೇಕೆಂದು ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಶಿಫಾರಸು. 94ಕ್ಕೆ ಒಂದೇ ತಾಸು. ಅಪ್ಪನಿಗೆ ಇದನ್ನು ಹೇಳುವವರು ಯಾರಿದ್ದರು? ಅವರು ನೀರಿಗಾಗಿ ಕಿವಿ ಕೊಟ್ಟರು. ಈ ಹುಡುಗ ಯಾತಕ್ಕಾಗಿ ಕೊಡುತ್ತಿದ್ದಾನೆ? ಈಗ ರಾತ್ರಿ ಆ ಕಾರು ಹಾದರೆ ಅಪ್ಪ ಎದೆ ಹಿಡಿದುಕೊಂಡು ಎದ್ದು ಕೂರುತ್ತಾರೆ. ಕೇಳಿಸಿಕೊಂಡಲ್ಲ, ಮಂಚ ನಡುಗಿದ್ದಕ್ಕೆ.

ಕಾಯಿದೆ ಇಲ್ಲವೆಂದು ಯಾರೂ ಹೇಳುವಂತಿಲ್ಲ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ 120ನೆಯದು, ಕೃಷಿ ಟ್ರ್ಯಾಕ್ಟರನ್ನೂ ಸೇರಿಸಿ, ಪ್ರತಿ ಗಾಡಿಗೂ ಸೈಲೆನ್ಸರಿರಬೇಕೆನ್ನುತ್ತದೆ. ಹೊಸ ಕಾರು ಏಳೂವರೆ ಮೀಟರು ದೂರದಲ್ಲಿ 74 ಡೆಸಿಬೆಲ್ ಮೀರಬಾರದು. ಇದರ ಗಣಿತ ಸ್ವಲ್ಪ ಮೋಸದ್ದು: 74 ಹೋಗಿ 94 ಆದರೆ ಇಪ್ಪತ್ತು ಹೆಚ್ಚಿದಂತೆ ಕಾಣುತ್ತದೆ, ಸದ್ದಿನ ಶಕ್ತಿ ಹೆಚ್ಚುವುದು ನೂರು ಪಟ್ಟು. ಒಬ್ಬ ಹುಡುಗ ನೂರು ಕಾರು ಓಡಿಸಿದ ಹಾಗೆ. ಕಾಲೇಜು, ಆಸ್ಪತ್ರೆಗಳ ಸುತ್ತ ನೂರು ಮೀಟರು ನಿಶ್ಶಬ್ದ ವಲಯವಾಗಬೇಕು, ಅಲ್ಲಿ ಹಗಲಿನ ಮಿತಿ 50 ಎಂದು 2000ದ ನಿಯಮಗಳಿವೆ. ಕಂಪನಿಯ ಮೂಲ ರೂಪವನ್ನು ಮನಬಂದಂತೆ ಬದಲಿಸಕೂಡದೆಂದು ಸುಪ್ರೀಂ ಕೋರ್ಟು 2019ರ ಜನವರಿಯಲ್ಲಿ ತೀರ್ಪಿತ್ತಿದೆ. ಅದೇ ವರ್ಷದ ತಿದ್ದುಪಡಿಯಿಂದ ಸದ್ದಿನ ಅಪರಾಧಕ್ಕೆ 10,000 ರೂಪಾಯಿಯವರೆಗೂ ದಂಡವಾಗಬಹುದು.

ಇಷ್ಟಿದ್ದು ಏನು ನಡೆಯುತ್ತದೆ? ನಮ್ಮ ರಾಜ್ಯದ ಕೆಲವು ಊರುಗಳಲ್ಲಿ ಪೊಲೀಸರು ಕಿತ್ತ ಕೊಳವೆಗಳನ್ನು ರಸ್ತೆಯ ಮೇಲೆ ಸಾಲಾಗಿ ಮಲಗಿಸಿ ರೋಡ್ ರೋಲರು ಹಾಯಿಸುತ್ತಾರೆ; ಚಿತ್ರ ಪತ್ರಿಕೆಯಲ್ಲಿ ಬರುತ್ತದೆ. ನೋಡಲು ಬಲು ಸೊಗಸು. ಆ ರೋಲರು ಅಂಗಡಿಯ ಬಾಗಿಲಿಗೆ ಹೋದದ್ದನ್ನು ಮಾತ್ರ ನಾನು ಕಂಡಿಲ್ಲ. ಕೊಳವೆಯ ಮೇಲೆ ‘ಪಂದ್ಯದ ಬಳಕೆಗೆ ಮಾತ್ರ’ ಎಂದು ಚೀಟಿ ಅಂಟಿಸಿ ರಾಜಾರೋಷವಾಗಿ ಮಾರುತ್ತಾರೆ. ನನಗೆ ತಿಳಿದ ಪಂದ್ಯದ ಪಥಗಳು ಕೊಯಮತ್ತೂರಿನಲ್ಲಿವೆ, ಚೆನ್ನೈ ಹತ್ತಿರವಿವೆ. ನಮ್ಮ ತಾಲ್ಲೂಕಿನಲ್ಲಿ ಯಾರು ಯಾರೊಡನೆ ಪಂದ್ಯ ಕಟ್ಟಿದ್ದಾರೆ? ಇಪ್ಪತ್ತರ ಹುಡುಗನಿಗೆ ದಂಡ ಹಾಕಿ, ಅವನಿಗೆ ಮಾರಿದ ಐವತ್ತರ ವ್ಯಾಪಾರಿಯನ್ನು ಬಿಡುವ ನ್ಯಾಯ ನನಗೆ ಅರ್ಥವಾಗುವುದಿಲ್ಲ.

ಮೊನ್ನೆ ಆ ಶಿಷ್ಯ ತಾನಾಗಿಯೇ ನನ್ನನ್ನು ರಾಮಥಾಳಕ್ಕೆ ಬಿಡುತ್ತೇನೆಂದ. ಹತ್ತಿದೆ. ದಾರಿಯುದ್ದಕ್ಕೂ ಅವನೇನೋ ಹೇಳುತ್ತಿದ್ದ, ನಾನೇನೋ ಹೇಳುತ್ತಿದ್ದೆ. ತುಟಿ ಅಲ್ಲಾಡಿದ್ದು ಮಾತ್ರ ಇಬ್ಬರಿಗೂ ಕಂಡಿತು. ಮನೆಯ ಮುಂದೆ ಯಂತ್ರ ನಿಂತ ಮೇಲೆ ಕೇಳಿದೆ: “ಕಂಪನಿಯ ಹಳೇ ಸೈಲೆನ್ಸರು ಏನು ಮಾಡಿದೆಯಪ್ಪಾ, ಗುಜರಿಗೆ ಹಾಕಿದೆಯಾ?”

“ಇಲ್ರಿ ಸರ, ಮನ್ಯಾಗ ಅಟ್ಟದ ಮ್ಯಾಲೆ ಐತ್ರಿ. ಗೋಣಿಚೀಲ ಸುತ್ತಿ ಇಟ್ಟೀನಿ,” ಎಂದ. “ಗಾಡಿ ಪಾಸಿಂಗಿಗೆ ಒಯ್ಯೂದು ಬಂತಂದ್ರ ಹಾಕಾಕ ಬೇಕಲ್ರಿ.”