ಒನ್‌ಲೈನಿಗೆ ಕಾಫಿ, ಚಿತ್ರಕಥೆಗೆ ಕೂಲಿ

ವಾರಕ್ಕೆ ಒಂದೆರಡಾದರೂ ಕರೆ ಬರುತ್ತವೆ. ಹಾಸನ, ಹಾವೇರಿ, ಸಿಂಧನೂರಿನ ಕಡೆಯ ಹುಡುಗರು, ಈಚೆಗೆ ಹುಡುಗಿಯರೂ. ‘ಸರ್, ನನ್ನ ಹತ್ರ ಒಂದು ಒನ್‌ಲೈನ್ ಇದೆ. ಇದುವರೆಗೆ ಯಾರೂ ಮಾಡಿಲ್ಲ. ಫೋನಲ್ಲಿ ಹೇಳಿದ್ರೆ ಕದ್ದುಬಿಡ್ತಾರೆ, ಮುಂಬೈಗೇ ಬಂದು ಹೇಳ್ಲಾ?’ ಹದಿನಾಲ್ಕು ವರ್ಷಗಳಿಂದ ಅಂಧೇರಿಯಲ್ಲಿ ಕೂತು ಹಿಂದಿ ಧಾರಾವಾಹಿ, ವೆಬ್ ಸರಣಿಗಳಿಗೆ ಬರೆದು ಬದುಕುತ್ತಿರುವ ನನಗೆ ಈ ಉತ್ಸಾಹ ಹೊಸದಲ್ಲ. ಆದರೆ ಇವರೆಲ್ಲ ಹೆದರಬೇಕಾದ ಕಡೆ ಹೆದರುತ್ತಿಲ್ಲ. ಈ ಊರಿನಲ್ಲಿ ಕಥೆ ಕದಿಯುವವರು ಇದ್ದಾರೆ, ನಿಜ. ಅವರಿಗಿಂತ ಹತ್ತು ಪಟ್ಟು ಹೆಚ್ಚು ಜನ, ಕಾಫಿ ಕುಡಿಸಿ, ಬೆನ್ನು ತಟ್ಟಿ, ಆರು ತಿಂಗಳು ಪುಕ್ಕಟೆಯಾಗಿ ಬರೆಸಿಕೊಂಡು ಸುಮ್ಮನಾಗುವವರು.

ಮೊದಲು ಒನ್‌ಲೈನಿನ ವಿಷಯವನ್ನು ಮುಗಿಸಿಬಿಡೋಣ. ವೃತ್ತಿಯಿಂದ ವಾಸ್ತುಶಿಲ್ಪಿಯಾಗಿದ್ದ ಆರ್.ಜಿ. ಆನಂದ್ ಎಂಬ ನಾಟಕಕಾರರು ತಮ್ಮ ‘ಹಮ್ ಹಿಂದುಸ್ತಾನಿ’ ನಾಟಕವನ್ನೇ ‘ನ್ಯೂ ಡೆಲ್ಹಿ’ ಎಂಬ ಸಿನಿಮಾ ಮಾಡಿದ್ದಾರೆಂದು ನ್ಯಾಯಾಲಯದ ಮೆಟ್ಟಿಲೇರಿದ್ದರು. 1978ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಇಂದಿಗೂ ನಮ್ಮ ವೃತ್ತಿಯ ಮೊದಲ ಪಾಠ: ವಿಚಾರಕ್ಕೆ, ವಸ್ತುವಿಗೆ ಕೃತಿಸ್ವಾಮ್ಯವಿಲ್ಲ, ಅದನ್ನು ಹೇಳಿದ ರೀತಿಗೆ ಮಾತ್ರ ಇದೆ. ಆನಂದ್ ಸೋತರು. ಹಾಗಾಗಿ ತಲೆಯಲ್ಲಿರುವ ಒನ್‌ಲೈನ್ ನಿಮ್ಮ ಆಸ್ತಿಯಲ್ಲ, ಬರೆದ ಪುಟಗಳು ಆಸ್ತಿ. ಮುಂಬೈನ ಸ್ಕ್ರೀನ್‌ರೈಟರ್ಸ್ ಅಸೋಸಿಯೇಷನ್‌ನಲ್ಲಿ ಸದಸ್ಯರಾಗಿ ಆ ಪುಟಗಳನ್ನು ನೋಂದಾಯಿಸಿದರೆ, ಇಂಥ ದಿನ ಇಂಥದ್ದು ನನ್ನ ಬಳಿ ಇತ್ತು ಎನ್ನಲು ಒಂದು ಸಾಕ್ಷಿ ಸಿಗುತ್ತದೆ. ಅಷ್ಟೇ.

ಇನ್ನು ಕೆಲಸ ನಡೆಯುವ ಬಗೆ. ದಿನದ ಧಾರಾವಾಹಿಯಲ್ಲಿ ಕಥೆ, ಚಿತ್ರಕಥೆ, ಸಂಭಾಷಣೆಗೆ ಸಾಮಾನ್ಯವಾಗಿ ಬೇರೆ ಬೇರೆ ಜನ. ನಾನು ಶುರು ಮಾಡಿದ್ದು ಸಂಭಾಷಣೆಕಾರರೊಬ್ಬರ ಸಹಾಯಕನಾಗಿ, ಕಂತಿಗೆ 1,500 ರೂಪಾಯಿಗೆ. ಬೆಳಿಗ್ಗೆ ಬರೆದದ್ದು ಮಧ್ಯಾಹ್ನ ಸೆಟ್ಟಿನಲ್ಲಿರಬೇಕು. ಹಣ ಮಾತ್ರ ಪ್ರಸಾರವಾಗಿ 90 ದಿನಕ್ಕೆ. ಅಂದರೆ ಯುಗಾದಿಗೆ ಬರೆದದ್ದರ ಹಣದಲ್ಲಿ ಆಷಾಢದ ಬಾಡಿಗೆ ಕಟ್ಟಬೇಕು. ನಡುವಿನ ತಿಂಗಳುಗಳನ್ನು ಹೇಗೆ ಕಳೆಯಬೇಕೆಂದು ಯಾವ ಚಿತ್ರಕಥಾ ಕಾರ್ಯಾಗಾರವೂ ಹೇಳಿಕೊಡುವುದಿಲ್ಲ. ಇಷ್ಟಾದರೂ ಆ ಎರಡು ವರ್ಷಗಳ ಬಗ್ಗೆ ನನಗೆ ಗೌರವವಿದೆ. ದಿನಾ ಬರೆಯಲೇಬೇಕಾದವನಿಗೆ ‘ಮೂಡ್’ ಎಂಬ ಕಾಯಿಲೆ ಬರುವುದಿಲ್ಲ.

ಸಿನಿಮಾ ಮತ್ತು ವೆಬ್ ಸರಣಿಗಳಲ್ಲಿ ಕೂಲಿ ಕಂತುಗಳಲ್ಲಿ ಬರುತ್ತದೆ. ಸಹಿ ಹಾಕಿದಾಗ ಸ್ವಲ್ಪ, ದೃಶ್ಯಗಳ ಪಟ್ಟಿ ಕೊಟ್ಟಾಗ ಸ್ವಲ್ಪ, ಮೊದಲ ಕರಡಿಗೆ, ಸಂಭಾಷಣೆಯ ಕರಡಿಗೆ, ಕೊನೆಯದು ಚಿತ್ರೀಕರಣ ಶುರುವಾದಾಗ. ಕೇಳಲು ಚೆನ್ನಾಗಿದೆ. ಸಮಸ್ಯೆ ಇರುವುದು ಸಹಿಗೆ ಮುಂಚೆ. ಒಂದು ಪುಟದ ಕಥೆ ಕೇಳುತ್ತಾರೆ, ಇಷ್ಟವಾಯಿತು ಅನ್ನುತ್ತಾರೆ. ಆಮೇಲೆ ಹತ್ತು ಪುಟ ಬೇಕು, ಪಾತ್ರಗಳ ವಿವರ ಬೇಕು, ‘ವೇದಿಕೆಯವರಿಗೆ ತೋರಿಸಲು’ ಒಂದು ಕಂತು ಪೂರ್ತಿ ಬೇಕು. ಇಷ್ಟು ಹೊತ್ತಿಗೆ ನಾಲ್ಕೈದು ತಿಂಗಳಾಗಿರುತ್ತದೆ, ಕೈಗೆ ಒಂದು ರೂಪಾಯಿ ಬಂದಿರುವುದಿಲ್ಲ. ಒಂದು ದಿನ ಆ ವೇದಿಕೆಯ ಅಧಿಕಾರಿ ಕೆಲಸ ಬದಲಿಸುತ್ತಾರೆ, ಕಥೆ ಅಲ್ಲಿಗೇ ನಿಲ್ಲುತ್ತದೆ. ಇದರಲ್ಲಿ ಯಾರೂ ಕಳ್ಳರಲ್ಲ ಅನ್ನುವುದೇ ತೊಂದರೆ. ದೂರು ಕೊಡಲು ಒಂದು ಮುಖವೂ ಇಲ್ಲ.

ಸಹಿಯಾದ ಮೇಲೂ ನಿಶ್ಚಿಂತೆಯಿಲ್ಲ. ಕೆಲವು ವರ್ಷಗಳ ಹಿಂದೆ ಒಂದು ನಿರ್ಮಾಣ ಸಂಸ್ಥೆಗೆ ನಾನು ನಾಲ್ಕು ಕಂತು ಬರೆದೆ. ಸರಣಿ ಬಂದಾಗ ಎರಡು ಕಂತುಗಳಲ್ಲಿ ನನ್ನ ಹೆಸರಿರಲಿಲ್ಲ, ಕೊನೆಯ ಹಣವೂ ಬಂದಿರಲಿಲ್ಲ. ಲೇಖಕರ ಸಂಘದ ವಿವಾದ ಸಮಿತಿಗೆ ಹೋದೆ. ಸುಮಾರು ಒಂದು ವರ್ಷ ಹಿಡಿಯಿತು. ಹಣ ಬಂತು, ಹೆಸರು ಬರಲಿಲ್ಲ. ಈ ವೃತ್ತಿಯಲ್ಲಿ ಮುಂದಿನ ಕೆಲಸ ಸಿಗುವುದು ಹಿಂದಿನ ಕೆಲಸದ ಹೆಸರಿನಿಂದ. ಹಣ ಹೋದರೆ ಒಂದು ವರ್ಷ ಕಷ್ಟ, ಹೆಸರು ಹೋದರೆ ಮತ್ತೆ ಮೊದಲನೇ ಮೆಟ್ಟಿಲು.

1973ರಲ್ಲಿ ‘ಜಂಜೀರ್’ ಬಿಡುಗಡೆಯಾದಾಗ ಪೋಸ್ಟರುಗಳಲ್ಲಿ ತಮ್ಮ ಹೆಸರಿಲ್ಲದ್ದನ್ನು ಕಂಡು ಸಲೀಂ-ಜಾವೇದ್ ಬಣ್ಣ ಬಳಿಯುವವರನ್ನು ಕರೆಸಿ ಊರ ತುಂಬ ಪೋಸ್ಟರುಗಳ ಮೇಲೆ ಹೆಸರು ಬರೆಸಿದ ಕಥೆಯನ್ನು ಇಲ್ಲಿ ಪ್ರತಿಯೊಬ್ಬ ಹೊಸ ಲೇಖಕನೂ ಕೇಳಿರುತ್ತಾನೆ. ತಮಾಷೆಯಾಗಿ ಹೇಳುತ್ತಾರೆ, ಆದರೆ ಅದು ತಮಾಷೆಯಲ್ಲ. ಎರಡು ವರ್ಷದ ಬಳಿಕ ನಮ್ಮ ರಾಮನಗರದ ಬಂಡೆಗಳ ನಡುವೆ ತಯಾರಾದ ‘ಶೋಲೆ’ ಬರುವಷ್ಟರಲ್ಲಿ ಬರೆದವರ ಹೆಸರಿಗೂ ಮಾರುಕಟ್ಟೆ ಇದೆ ಎಂದು ಹಿಂದಿ ಚಿತ್ರರಂಗ ಒಪ್ಪಿತ್ತು. ಜಾವೇದ್ ಅಖ್ತರ್ ರಾಜ್ಯಸಭೆಯಲ್ಲಿದ್ದಾಗ, 2012ರಲ್ಲಿ ಕೃತಿಸ್ವಾಮ್ಯ ಕಾಯ್ದೆಗೆ ತಿದ್ದುಪಡಿ ಆಯಿತು: ಚಿತ್ರಮಂದಿರದ ಪ್ರದರ್ಶನ ಬಿಟ್ಟು ಬೇರೆ ಬಳಕೆಗಳಿಂದ ಬರುವ ಗೌರವಧನದಲ್ಲಿ ಲೇಖಕರ ಪಾಲನ್ನು ಯಾವ ಒಪ್ಪಂದವೂ ಕಿತ್ತುಕೊಳ್ಳುವಂತಿಲ್ಲ. ಗೀತರಚನೆಕಾರ ಮಿತ್ರರಿಗೆ ಇದರಿಂದ ಹಣ ಬರುತ್ತಿದೆ. ಚಿತ್ರಕಥೆ ಬರೆಯುವ ನನಗೆ ಇನ್ನೂ ಒಂದು ಪೈಸೆ ಬಂದಿಲ್ಲ. ಆದರೂ ಕಾನೂನು ಇದೆ, ಸಂಘ ಇದೆ, ಜಗಳವಾಡಲು ಒಂದು ಜಾಗವಿದೆ. ಮುಂಬೈನಲ್ಲಿ ಚಿತ್ರಕಥೆ ಒಂದು ಕಸುಬು.

ಬೆಂಗಳೂರಿನಲ್ಲಿ? ಕನ್ನಡ ಚಿತ್ರಗಳ ಪೋಸ್ಟರ್ ನೋಡಿ: ‘ಕಥೆ-ಚಿತ್ರಕಥೆ-ಸಂಭಾಷಣೆ-ನಿರ್ದೇಶನ’, ಮುಂದೆ ಒಂದೇ ಹೆಸರು. ಕೆಲವರಿಗೆ ಅದು ಒಪ್ಪುತ್ತದೆ. ತಾವೇ ಬರೆದು ತಾವೇ ನಿರ್ದೇಶಿಸಿ ಒಳ್ಳೆಯ ಚಿತ್ರ ಕೊಟ್ಟವರು ನಮ್ಮಲ್ಲಿ ಇದ್ದಾರೆ. ಆದರೆ ಬಹಳಷ್ಟು ಸಲ ಆ ಒಂದು ಹೆಸರಿನ ಹಿಂದೆ ಇಬ್ಬರು ಮೂವರು ಹುಡುಗರು ಲಾಡ್ಜಿನ ಕೋಣೆಯಲ್ಲಿ ಊಟ-ತಿಂಡಿಗೆ ಬರೆದಿರುತ್ತಾರೆ. ಅವರ ಹೆಸರು, ಬಂದರೆ, ಸಹಾಯಕ ನಿರ್ದೇಶಕರ ಪಟ್ಟಿಯಲ್ಲಿ. ಮೊದಲಿನಿಂದಲೂ ಹೀಗಿತ್ತೇ? ಇರಲಿಲ್ಲ. ಚಿ. ಉದಯಶಂಕರ್ ಹಾಡು, ಸಂಭಾಷಣೆ ಬರೆದೇ ಒಂದು ಜೀವಮಾನ ಕಳೆದರು, ಪ್ರೇಕ್ಷಕರಿಗೆ ಅವರ ಹೆಸರು ಗೊತ್ತಿತ್ತು. ‘ಬೆಳ್ಳಿಮೋಡ’, ‘ಶರಪಂಜರ’ಗಳನ್ನು ಪುಟ್ಟಣ್ಣ ಕಣಗಾಲ್ ತೆರೆಗೆ ತಂದಾಗ ತ್ರಿವೇಣಿ ಅವರ ಹೆಸರೂ ಜೊತೆಗೇ ಬಂತು. ಪಕ್ಕದ ಕೇರಳದಲ್ಲಿ ಎಂ.ಟಿ. ವಾಸುದೇವನ್ ನಾಯರ್ ಚಿತ್ರಕಥೆಗೆ ನಾಲ್ಕು ಬಾರಿ ರಾಷ್ಟ್ರಪ್ರಶಸ್ತಿ ಪಡೆದರು. ಅಲ್ಲಿ ಚಿತ್ರಕಥೆಗಳು ಪುಸ್ತಕವಾಗಿ ಮಾರಾಟವಾಗುತ್ತವೆ. ‘ಕಿರಿಕ್ ಪಾರ್ಟಿ’ಯಲ್ಲಿ ರಕ್ಷಿತ್ ಶೆಟ್ಟಿ ತಮ್ಮ ಹೆಸರಿನ ಜೊತೆ ‘ದಿ ಸೆವೆನ್ ಆಡ್ಸ್’ ಎಂಬ ಬರಹಗಾರರ ತಂಡದ ಹೆಸರನ್ನೂ ಹಾಕಿದರು. ಸಣ್ಣ ವಿಷಯ, ಆದರೆ ನನಗೆ ಚಿತ್ರದಷ್ಟೇ ಇಷ್ಟವಾಯಿತು.

ನಷ್ಟ ಬರಹಗಾರರಿಗಷ್ಟೇ ಅಲ್ಲ. ‘ತಿಥಿ’ ಚಿತ್ರದ ಗಡ್ಡಪ್ಪ, ಸೆಂಚುರಿ ಗೌಡರನ್ನು ಲೊಕಾರ್ನೊ ಚಿತ್ರೋತ್ಸವ ಮೆಚ್ಚಿ 2015ರಲ್ಲಿ ಪ್ರಶಸ್ತಿ ಕೊಟ್ಟಿತು. ನಿರ್ದೇಶಕ ರಾಮ್ ರೆಡ್ಡಿ ಜೊತೆ ಅದನ್ನು ಬರೆದವರು ಮಂಡ್ಯ ಸೀಮೆಯ ಈರೇಗೌಡ. ಆ ಮಾತು, ಆ ಜಗಳ, ಪಹಣಿ ಕಾಗದದ ಹಿಂದೆ ಓಡುವ ಆ ಮಗ, ಇವನ್ನು ಆ ಊರಿನ ಮಣ್ಣು ತುಳಿಯದವರು ಬರೆಯಲಾರರು. ಅಂಥ ಕಿವಿಯಿರುವ ಹುಡುಗರು ಇವತ್ತು ನನ್ನ ಪಕ್ಕದ ಮೇಜಿನಲ್ಲಿ ಕೂತು ಲಖನೌದ ಮನೆಯೊಂದರ ಅತ್ತೆ-ಸೊಸೆ ಜಗಳವನ್ನು ಹಿಂದಿಯಲ್ಲಿ ಬರೆಯುತ್ತಿದ್ದಾರೆ. ‘ಕಾಂತಾರ’ ಬಂದ ಮೇಲೆ ಇಲ್ಲಿ ನಮಗೂ ಸ್ವಲ್ಪ ಬೆಲೆ ಬಂದಿದೆ ಅನ್ನಿ. ‘ನಿಮ್ಮ ಕಡೆ ಅಂಥ ಇನ್ನೊಂದು ದೈವ ಇದೆಯಾ’ ಎಂದು ಕೇಳುತ್ತಾರೆ, ತರಕಾರಿ ಕೇಳಿದ ಹಾಗೆ.

ಇದನ್ನು ಸರಿಪಡಿಸಲು ಭಾಷಣ ಬೇಡ, ಒಂದು ಅರ್ಜಿ ನಮೂನೆ ಸಾಕು. ರಾಜ್ಯ ಸರ್ಕಾರ ಕನ್ನಡ ಚಿತ್ರಗಳಿಗೆ ಸಹಾಯಧನ ಕೊಡುತ್ತದೆ, ಕಥೆ, ಚಿತ್ರಕಥೆ, ಸಂಭಾಷಣೆಗೆ ಪ್ರತ್ಯೇಕ ಪ್ರಶಸ್ತಿಗಳನ್ನೂ ಕೊಡುತ್ತದೆ. ಸಹಾಯಧನದ ಅರ್ಜಿಯ ಜೊತೆ ಬರಹಗಾರರೊಂದಿಗಿನ ಒಪ್ಪಂದದ ಪ್ರತಿ ಮತ್ತು ಹಣ ಪಾವತಿಯಾದ ದಾಖಲೆ ಕಡ್ಡಾಯ ಎಂದು ಒಂದು ಸಾಲು ಸೇರಿಸಲಿ. ನಿರ್ದೇಶಕರೇ ಬರೆದಿದ್ದರೆ ಅವರಿಗೂ ಬರವಣಿಗೆಯ ಸಂಭಾವನೆ ಬೇರೆಯಾಗಿ ಸಿಗಲಿ, ಬಹಳ ಜನಕ್ಕೆ ಅದೂ ಸಿಕ್ಕಿಲ್ಲ. ಸಿನಿಮಾದ ಶೀರ್ಷಿಕೆಯನ್ನು ಯಾರೂ ಕದಿಯದಂತೆ ನೋಂದಾಯಿಸಲು ಫಿಲ್ಮ್ ಚೇಂಬರ್‌ನಲ್ಲಿ ವ್ಯವಸ್ಥೆ ಇದೆ. ಎರಡು ಪದದ ಶೀರ್ಷಿಕೆಗೆ ಇರುವ ಕಾವಲು ನೂರು ಪುಟದ ಚಿತ್ರಕಥೆಗೂ ಇರಲಿ. ಒಪ್ಪಂದವನ್ನು ಕನ್ನಡದಲ್ಲಿ ಬರೆಯಲಿ. ಇಪ್ಪತ್ತೆರಡರ ಹುಡುಗ ಓದಿ ಸಹಿ ಹಾಕುವಂತಿರಬೇಕು.

ಅಲ್ಲಿಯವರೆಗೆ ಮುಂಬೈ ರೈಲು ಹತ್ತುವವರು ಹತ್ತುತ್ತಲೇ ಇರುತ್ತಾರೆ. ಬರುವುದಾದರೆ ಒನ್‌ಲೈನ್ ತರಬೇಡಿ, ಕೊನೆಯ ದೃಶ್ಯದವರೆಗೆ ಬರೆದು ಮುಗಿಸಿದ ಒಂದು ಚಿತ್ರಕಥೆ ತನ್ನಿ. ಪುಟಕ್ಕೆ ಒಂದು ನಿಮಿಷ ಎಂಬುದು ಇಲ್ಲಿನ ಲೆಕ್ಕ, ನೂರಿಪ್ಪತ್ತು ದಾಟದಿರಲಿ. ಆರು ತಿಂಗಳ ಬಾಡಿಗೆ ಕೈಯಲ್ಲಿರಲಿ. ಊರಿನಲ್ಲಿ ಕೆಲಸವಿದ್ದರೆ ಬಿಡಬೇಡಿ, ರಜೆ ಹಾಕಿ ಬನ್ನಿ; ಜಯಂತ ಕಾಯ್ಕಿಣಿ ಇದೇ ಊರಿನಲ್ಲಿ ಔಷಧ ಕಂಪನಿಯ ನೌಕರಿ ಮಾಡುತ್ತಲೇ ಕಥೆಗಳನ್ನು ಬರೆದವರು. ಯಾರಾದರೂ ಎರಡನೇ ಸಲ ತಿದ್ದಿ ಕೊಡಿ ಎಂದರೆ, ಮೂರನೇ ಸಲಕ್ಕೆ ಮೊದಲು ಎಷ್ಟು ಕೊಡುತ್ತೀರಿ ಎಂದು ಕೇಳಿ. ಮುಖ ಸಿಂಡರಿಸುತ್ತಾರೆ, ಕೇಳಿ.